ಯೆಜ್ಡಿ ಸಾಮಾನು: ಪಿ.ಬಿ. ರಸ್ತೆಯ ಅಂಗಡಿಯಾ, ಚೆಕ್ ದೇಶದ ಪಾರ್ಸೆಲ್ಲಾ?

ಅಪ್ಪನ ಯೆಜ್ಡಿ 250 ಈಗ ನಾನು ಓಡಿಸುತ್ತಿದ್ದೇನೆ. 1976ರ ಗಾಡಿ. ನಾಲ್ಕು ವರ್ಷದ ಹಿಂದೆ ಇಂಜಿನ್ ಪೂರ್ತಿ ಬಿಚ್ಚಿಸಿದೆ. ಆವತ್ತಿನಿಂದ ಇದಕ್ಕೆ ನಮ್ಮ ದಾವಣಗೆರೆಯ ಪಿ.ಬಿ. ರಸ್ತೆಯ ಕಡೆ ಸಿಕ್ಕ ಸಾಮಾನೂ ಹಾಕಿದ್ದೇನೆ, ಚೆಕ್ ದೇಶದಿಂದ ಆನ್‌ಲೈನಲ್ಲಿ ತರಿಸಿದ್ದೂ ಹಾಕಿದ್ದೇನೆ, ಕೆಲವು ಭಾಗಗಳನ್ನಂತೂ ಮೊದಲು ಇಲ್ಲಿಯದು ಆಮೇಲೆ ಅಲ್ಲಿಯದು ಅಂತ ಎರಡೂ ಹಾಕಿ ನೋಡಿದ್ದೇನೆ. ನನಗೆ ಗೊತ್ತಾಗಿದ್ದು ಇಷ್ಟು: ಅಳತೆ ಹಿಡಿದು, ನಂಬರ್ ಓದಿ ನೋಡಬಹುದಾದ ಭಾಗವನ್ನು ಊರಲ್ಲೇ ತಗೊಳ್ಳಬೇಕು. ಒಳಗಿನ ಗುಣ ಕಣ್ಣಿಗೆ ಕಾಣದ ಭಾಗ ಇದ್ದರೆ ಮಾತ್ರ ಹೊರಗಿಂದ ತರಿಸಬೇಕು.

ಚೆಕ್ ದೇಶ ಯಾಕೆ ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಜಾವಾ ಮೂಲದಲ್ಲಿ ಅಲ್ಲಿಯ ಗಾಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 60ರ ದಶಕದ ಶುರುವಿನಿಂದ ಅದನ್ನೇ ಇಲ್ಲಿ ಮಾಡಿತು, 1973ರಿಂದ ಯೆಜ್ಡಿ ಅನ್ನುವ ಹೆಸರು ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಇಲ್ಲಿ ಕಾರ್ಖಾನೆ ನಿಂತರೂ ಅಲ್ಲಿ ಹಳೆ ಜಾವಾ ಸಾಮಾನು ಮಾಡುವವರು ಇನ್ನೂ ಇದ್ದಾರೆ. ನನ್ನ ಇಂಜಿನ್ ಹಳೆ ಜಾವಾ 250ರ ವಂಶದ್ದೇ, 65 ಮಿ.ಮೀ. ಬೋರು (ಸಿಲಿಂಡರಿನ ಒಳವ್ಯಾಸ), 75 ಮಿ.ಮೀ. ಸ್ಟ್ರೋಕು (ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ). ಹಾಗಾಗಿ ಇಂಜಿನ್ ಒಳಗಿನ ತುಂಬಾ ಭಾಗ ಕೂರುತ್ತದೆ. 2018ರಲ್ಲಿ ಮತ್ತೆ ಬಂದ ಹೊಸ ಜಾವಾ ಬೇರೆಯೇ ಗಾಡಿ, ಫೋರ್ ಸ್ಟ್ರೋಕ್. ಅದರ ಶೋರೂಮಿಗೆ ಹೋಗಿ ಹಳೆ ಗಾಡಿಯ ಸಾಮಾನು ಕೇಳಿ ಪ್ರಯೋಜನ ಇಲ್ಲ.

ಮೊದಲು ಪಿಸ್ಟನ್. ಇಲ್ಲೇ ಒಂದು ಅಂಗಡಿಯಲ್ಲಿ ಎರಡನೇ ಓವರ್‌ಸೈಜ್, ಅಂದರೆ 65.50ರ ಪಿಸ್ಟನ್, ರಿಂಗ್, ಪಿನ್ ಎಲ್ಲಾ ಸೇರಿ 1,900 ರೂಪಾಯಿಗೆ ತಗೊಂಡೆ. ಬೋರ್ ಮಾಡಿಸಿದ್ದ, ಅಂದರೆ ಒಳಗೆ ಕೊರೆದು ಅಗಲ ಮಾಡಿಸಿದ್ದ ಸಿಲಿಂಡರಿಗೆ ಹಾಕಿದೆ. ಸುಮಾರು 600 ಕಿಲೋಮೀಟರ್ ನಿಧಾನಕ್ಕೆ ಓಡಿಸಿದ್ದೆ. ಒಂದು ಭಾನುವಾರ ಚಿತ್ರದುರ್ಗಕ್ಕೆ ಹೊರಟವನು ಭರಮಸಾಗರ ದಾಟುವಷ್ಟರಲ್ಲಿ ಗಾಡಿಯ ಶಬ್ದ ಬದಲಾಯಿತು, ಎಳೆತ ಕಡಿಮೆಯಾಯಿತು, ಹಿಂದಿನ ಚಕ್ರ ಒಂದೇ ಸಲ ಹಿಡಿದುಕೊಂಡಿತು. ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡಿತ್ತು, ಸೀಜ್ ಅನ್ನೋದು ಇದಕ್ಕೇ. ಕ್ಲಚ್ ಹಿಡಿದು ಪಕ್ಕಕ್ಕೆ ತಂದೆ. ಹೈವೇಯಲ್ಲಿ ಹಿಂದೆ ಲಾರಿ ಇರಲಿಲ್ಲ, ದೊಡ್ಡ ಪುಣ್ಯ. ಟೂ ಸ್ಟ್ರೋಕ್ ಓಡಿಸುವವರು ಎಡಗೈಯ ಎರಡು ಬೆರಳು ಯಾವಾಗಲೂ ಕ್ಲಚ್ ಮೇಲೆ ಇಟ್ಟಿರಬೇಕು ಅಂತ ಅಪ್ಪ ಹೇಳುತ್ತಿದ್ದರು. ಅದು ಅವತ್ತು ಕೆಲಸಕ್ಕೆ ಬಂತು.

ಊರಿನ ಪಿಸ್ಟನ್ ಮೇಲೆ ಸಿಟ್ಟು ಬಂದು ಚೆಕ್ ದೇಶದಿಂದ ಒಂದು ಆರ್ಡರ್ ಮಾಡಿದೆ. ಪಿಸ್ಟನ್ ಕಿಟ್ 54 ಯೂರೋ, ಕಳಿಸುವ ಖರ್ಚು 24 ಯೂರೋ. ಸುಂಕ, ತೆರಿಗೆ ಎಲ್ಲಾ ಸೇರಿ ಕೈಯಿಂದ ಹೋದ ದುಡ್ಡು 11 ಸಾವಿರಕ್ಕೆ ಹತ್ತಿರ. ಬರೋಕೆ ಐದು ವಾರ. ಬಂದ ಪಿಸ್ಟನ್ ನೋಡೋಕೇ ಚಂದ ಇತ್ತು, ಒಳಮೈ ಕೂಡ ಚೊಕ್ಕ. ತಲೆಯ ಮೇಲೆ ಅಳತೆ ಅಚ್ಚಾಗಿತ್ತು, ಬಾಣದ ಗುರುತು ಇತ್ತು. ಅದನ್ನು ಹಿಡಿದುಕೊಂಡು ಹರಿಹರದಲ್ಲಿ ಲೇತ್ ಇಟ್ಟಿರುವ ಒಬ್ಬ ಹಿರಿಯರ ಹತ್ತಿರ ಹೋದೆ. ಹರಿಹರದ ಹಳೆಯ ಟರ್ನರ್‌ಗಳ ಬಗ್ಗೆ ನಮ್ಮ ಕಡೆ ತುಂಬಾ ಗೌರವ. ಮೈಸೂರು ಕಿರ್ಲೋಸ್ಕರ್ ಲೇತುಗಳು ತಯಾರಾಗಿದ್ದು ಆ ಊರಲ್ಲೇ ಅಲ್ವಾ, ಕಾರ್ಖಾನೆ ಮುಚ್ಚಿದರೂ ಕೈಕೆಲಸ ಊರಲ್ಲೇ ಉಳಿದಿದೆ.

ಅವರು ಹೊಸ ಪಿಸ್ಟನ್ ಮುಟ್ಟಲೇ ಇಲ್ಲ. ಮೊದಲು ಸೀಜ್ ಆದ ಹಳೇದನ್ನು ಕೇಳಿದರು. ಮೈಕ್ರೋಮೀಟರಿನಲ್ಲಿ ಅದರ ಬುಡ ಅಳೆದರು, ಗೀಚು ಬೀಳದ ಕಡೆ ಇನ್ನೊಮ್ಮೆ ಅಳೆದರು, ಸಿಲಿಂಡರಿನ ಒಳಗೆ ಗೇಜ್ ಬಿಟ್ಟು ಮೇಲೆ, ನಡುವೆ, ಕೆಳಗೆ ಅಂತ ಮೂರು ಕಡೆ ನೋಡಿದರು.

"ಪಿಸ್ಟನ್ ಕೊಟ್ಟು ಬೋರ್ ಮಾಡ್ಸಿದ್ಯೋ, ಸೈಜ್ ಹೇಳಿ ಮಾಡ್ಸಿದ್ಯೋ?" ಅಂದರು.

"ಸೈಜ್ ಹೇಳಿದ್ದೆ ಯಜಮಾನ್ರೆ. ಪಿಸ್ಟನ್ ಆಮೇಲೆ ತಂದಿದ್ದು."

"ಮತ್ತೆ ಪಿಸ್ಟನ್‌ದು ಏನೂ ತಪ್ಪಿಲ್ಲ ತಗಳಪ್ಪ. ಜಾಗನೇ ಇಲ್ಲ ಇದ್ರಾಗೆ, ಬಿಸಿಯಾದ್ರೆ ಎಲ್ಲಿಗ್ ಹೋಗ್ಬೇಕು ಅದು?"

ಈ ಮಾತು ನನ್ನ ಹೋಲಿಕೆಯನ್ನೇ ತಿರುಗಿಸಿತು. ಅಲ್ಯೂಮಿನಿಯಂ ಪಿಸ್ಟನ್ ಬಿಸಿಗೆ ಬೀಡು ಕಬ್ಬಿಣದ ಸಿಲಿಂಡರಿಗಿಂತ ಜಾಸ್ತಿ ಹಿಗ್ಗುತ್ತದೆ, ಅದಕ್ಕೆ ನಡುವೆ ಕೂದಲೆಳೆಯಷ್ಟು ಜಾಗ ಬಿಡಲೇಬೇಕು. ಡಬ್ಬಿಯ ಮೇಲೆ 65.50 ಅಂತ ಬರೆದಿದ್ದರೂ ಒಳಗಿನ ಪಿಸ್ಟನ್ ಒಂದೊಂದು ಕಂಪನಿಯದ್ದು ಒಂದೊಂದು ಚೂರು ಹೆಚ್ಚು ಕಡಿಮೆ ಇರುತ್ತದೆ. ಪಿಸ್ಟನ್ ಕೈಗೆ ಬಂದ ಮೇಲೆ, ಅದನ್ನೇ ಅಳೆದು, ಅದಕ್ಕೆ ಹೊಂದುವ ಹಾಗೆ ಬೋರ್ ಮಾಡಬೇಕು. ನಾನು ಆತುರಕ್ಕೆ ಬಿದ್ದು ಉಲ್ಟಾ ಮಾಡಿಸಿದ್ದೆ. ಈಗ ಚೆಕ್ ಪಿಸ್ಟನ್ 9 ಸಾವಿರ ಕಿಲೋಮೀಟರ್ ಓಡಿದೆ, ಒಳ್ಳೆಯ ಸಾಮಾನೇ. ಆದರೆ 1,900ರ ಪಿಸ್ಟನ್ನನ್ನು ಸರಿಯಾದ ಕೈಗೆ ಕೊಟ್ಟಿದ್ದರೆ ಅದೂ ಓಡುತ್ತಿತ್ತು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಮುಂದಿನ ಸಲ ಪಿಸ್ಟನ್ ಊರಲ್ಲೇ ತಗೊಳ್ಳುತ್ತೇನೆ.

ಬೇರಿಂಗಂತೂ ಹೊರಗಿಂದ ತರಿಸುವ ಮಾತೇ ಇಲ್ಲ. ನನ್ನ ಇಂಜಿನ್ನಿನ ಕ್ರ್ಯಾಂಕಿನಿಂದ (ಪಿಸ್ಟನ್ ತಿರುಗಿಸುವ ದಂಡ) ಕಳಚಿದ ಬೇರಿಂಗ್ ಮೇಲೆ 6305 ಅಂತ ಕೆತ್ತಿತ್ತು. ಅದು ಜಾವಾದ ನಂಬರ್ ಅಲ್ಲ, ಲೋಕಕ್ಕೆಲ್ಲ ಒಂದೇ ನಂಬರ್: ಒಳಗೆ 25, ಹೊರಗೆ 62, ದಪ್ಪ 17 ಮಿ.ಮೀ. ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಅದನ್ನು ಐದರಿಂದ ಗುಣಿಸಿದರೆ ಒಳಗಿನ ವ್ಯಾಸ ಸಿಗುತ್ತದೆ. ಪಂಪು, ಮೋಟಾರು ರಿಪೇರಿಯವರು ಹೋಗುವ ಬೇರಿಂಗ್ ಅಂಗಡಿಯಲ್ಲೇ ಒಳ್ಳೆ ಕಂಪನಿಯದ್ದು ಸಿಕ್ಕಿತು. ಇಂಜಿನ್ ಕ್ರ್ಯಾಂಕಿಗೆ ಅಂತ ಹೇಳಿ ಸಿ3 ಗುರುತಿನದ್ದು ಕೇಳಿ, ಅದರಲ್ಲಿ ಬಿಸಿಗೆ ಹಿಗ್ಗಲು ಸ್ವಲ್ಪ ಜಾಗ ಜಾಸ್ತಿ ಬಿಟ್ಟಿರುತ್ತಾರೆ. ಕನೆಕ್ಟಿಂಗ್ ರಾಡ್ ಕಿಟ್ ಕೂಡ ನಮ್ಮ ದೇಶದ್ದೇ ಹಾಕಿಸಿದೆ. ಅಲ್ಲೂ ಸಾಮಾನಿಗಿಂತ ಜೋಡಿಸುವ ಕೈ ಮುಖ್ಯ. ಅದೇ ಹಿರಿಯರು ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಕೂರಿಸಿ, ಎರಡು ಮೊನೆಗಳ ನಡುವೆ ಹಿಡಿದು ತಿರುಗಿಸುತ್ತಾ, ಅದು ಓಲಾಡದೆ ನೇರ ತಿರುಗುವ ಹಾಗೆ ತಾಮ್ರದ ಸುತ್ತಿಗೆಯಲ್ಲಿ ಒಂದು ಏಟು, ಗೇಜ್ ನೋಡೋದು, ಇನ್ನೊಂದು ಏಟು, ಮತ್ತೆ ಗೇಜ್ ನೋಡೋದು, ಹೀಗೆ ಮುಕ್ಕಾಲು ಗಂಟೆ ಕೂತರು. ಮುಳ್ಳು ಎರಡು ಗೆರೆಗಿಂತ ಜಾಸ್ತಿ ಅಲ್ಲಾಡದಿದ್ದಾಗ ಎದ್ದರು. ಈ ಕೆಲಸವನ್ನು ಯಾವ ದೇಶದಿಂದ ಆರ್ಡರ್ ಮಾಡೋದು ಹೇಳಿ.

ಆಯಿಲ್ ಸೀಲ್, ಅಂದರೆ ತಿರುಗುವ ದಂಡದ ಸುತ್ತ ಆಯಿಲ್ ದಾಟದ ಹಾಗೆ ತಡೆಯುವ ರಬ್ಬರ್ ಬಳೆ, ಅದರಲ್ಲಂತೂ ಹೊರಗಿನದ್ದೇ ಗೆದ್ದಿತು, ಅದೂ ದೊಡ್ಡ ಅಂತರದಲ್ಲಿ. ಇಲ್ಲಿ 180 ರೂಪಾಯಿಗೆ ಸೆಟ್ ತಗೊಂಡು ಹಾಕಿಸಿದ್ದೆ. ಎಂಟು ತಿಂಗಳಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬೀದಿ ತುಂಬಾ ಬಿಳಿ ಹೊಗೆ. ಗೇರ್ ಆಯಿಲ್ ಮಟ್ಟ ನೋಡಿದರೆ ಇಳಿದಿತ್ತು, ಕೆಳಗೆ ಒಂದು ಹನಿ ಸೋರಿಲ್ಲ. ಕ್ರ್ಯಾಂಕ್ ಸೀಲ್ ಹೋದರೆ ಟೂ ಸ್ಟ್ರೋಕ್ ಇಂಜಿನ್ ಗೇರ್ ಆಯಿಲನ್ನು ಒಳಗೆ ಎಳೆದುಕೊಂಡು ಸುಡುತ್ತದೆ. ಕಳಚಿದ ಸೀಲನ್ನು ಬಗ್ಗಿಸಿದೆ, ತುಟಿ ಒಣಗಿದ ಹಲಸಿನ ಹಪ್ಪಳದ ಹಾಗೆ ಸೀಳಿತು. ಅಳತೆ ಸರಿಯಾಗಿತ್ತು, ಮುಖದ ಮೇಲೆ ನಂಬರೂ ಸರಿಯಾಗಿತ್ತು, ರಬ್ಬರ್ ಮಾತ್ರ ಕೆಟ್ಟದ್ದು. ಅದನ್ನು ಅಂಗಡಿಯಲ್ಲಿ ನಿಂತು ಕಂಡುಹಿಡಿಯೋದು ಹೇಗೆ? ಆಗಲ್ಲ. ಚೆಕ್ ದೇಶದಿಂದ ವೈಟಾನ್ ರಬ್ಬರಿನ ಸೀಲ್ ಸೆಟ್ ತರಿಸಿದೆ. ಬಿಸಿಗೂ ಪೆಟ್ರೋಲಿಗೂ ಅದು ಮಾಮೂಲಿ ರಬ್ಬರಿಗಿಂತ ಚೆನ್ನಾಗಿ ತಡೆಯುತ್ತದೆ. ಈಗ ಬಂಕಿನಲ್ಲಿ ಸಿಗೋದು ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲ್, ಹಳೆ ಗಾಡಿಯ ರಬ್ಬರಿಗೆ ಅದು ಆಗಿಬರಲ್ಲ. ಎರಡು ವರ್ಷ ಆಯಿತು, ಹೊಗೆ ಇಲ್ಲ, ಆಯಿಲ್ ಇಳಿದಿಲ್ಲ. ಇಂಜಿನ್ ಒಮ್ಮೆ ಬಿಚ್ಚಿ ಜೋಡಿಸುವ ಕೂಲಿ ಲೆಕ್ಕ ಹಾಕಿದರೆ ಸೀಲಿಗೆ ಎರಡು ಸಾವಿರ ಜಾಸ್ತಿ ಕೊಟ್ಟರೂ ಅಗ್ಗವೇ.

ಕಂಡೆನ್ಸರ್ ಕಥೆ ಬೇರೆ. ಪಾಯಿಂಟ್ ಅನ್ನೋದು ಪ್ಲಗ್ಗಿನ ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್ಚು, ಆ ಸ್ವಿಚ್ಚಿನಲ್ಲೇ ಕಿಡಿ ಹಾರದ ಹಾಗೆ ನೋಡಿಕೊಳ್ಳೋದು ಕಂಡೆನ್ಸರ್. ಇಲ್ಲಿಯ ಎರಡು ಹೋದವು, ಅಲ್ಲಿಂದ ತರಿಸಿದ್ದೂ ಮಳೆಗಾಲ ಕಳೆಯುವಷ್ಟರಲ್ಲಿ ಹೋಯಿತು. ಇಂಜಿನ್ ಬಿಸಿಯಾದ ಮೇಲೆ ಮಿಸ್ ಹೊಡೆಯೋದು, ಪಾಯಿಂಟಿನಲ್ಲಿ ನೀಲಿ ಕಿಡಿ ಹಾರೋದು. ಕೊನೆಗೆ ನಮ್ಮ ಮೆಕ್ಯಾನಿಕ್ ಅಣ್ಣ ಹಳೆ ಕಾರಿನ ಕಂಡೆನ್ಸರ್ ತಂದು, ಇಂಜಿನ್ ಬಿಸಿ ತಾಗದ ಹಾಗೆ ಹೊರಗೆ ಕಾಯಿಲ್ ಪಕ್ಕ ಕಟ್ಟಿ, ವೈರ್ ಎಳೆದು ಕೊಟ್ಟರು. ನೂರು ರೂಪಾಯಿ ಚಿಲ್ಲರೆ. ಅವತ್ತಿನಿಂದ ತೊಂದರೆ ಇಲ್ಲ. ಪಾಯಿಂಟ್ ಮಾತ್ರ ಅಲ್ಲಿಯದೇ ಹಾಕಿದ್ದೇನೆ, 0.4 ಮಿ.ಮೀ.ಗೆ ಇಟ್ಟ ಗ್ಯಾಪ್ ಬೇಗ ಬದಲಾಗೋದಿಲ್ಲ. ಇಲ್ಲಿಯ ಪಾಯಿಂಟಿಗೆ ತಿಂಗಳಿಗೊಮ್ಮೆ ಫೀಲರ್ ಗೇಜ್ ಹಿಡಿಯಬೇಕಿತ್ತು.

ಕ್ಲಚ್ ಕೇಬಲ್, ಬ್ರೇಕ್ ಕೇಬಲ್, ಚೈನು, ಬ್ರೇಕ್ ಶೂ ಲೈನಿಂಗ್, ಇವೆಲ್ಲ ಊರಲ್ಲೇ. ಯೋಚನೆ ಮಾಡುವ ಅಗತ್ಯವೇ ಇಲ್ಲ. ಒಂದು ಸಲ ಸ್ಪೀಡೋಮೀಟರ್ ಕೇಬಲ್ ಹೊರಗಿಂದ ತರಿಸಿ ಪೆಟ್ಟು ತಿಂದೆ. ಮೈಸೂರಿನ ಗಾಡಿಗೆ ಹಾಕಿದ್ದ ಮೀಟರೇ ಬೇರೆ, ತುದಿಯ ನಟ್ಟು ಕೂರಲಿಲ್ಲ. ವಾಪಸ್ ಕಳಿಸೋಣ ಅಂದರೆ ಕಳಿಸುವ ಖರ್ಚು ಕೇಬಲಿಗಿಂತ ಜಾಸ್ತಿ. ಪಿ.ಬಿ. ರಸ್ತೆಯಲ್ಲಾದರೆ ಸಂಜೆಗೇ ಬದಲಾಯಿಸಿಕೊಂಡು ಬರುತ್ತಿದ್ದೆ.

ಆರ್ಡರ್ ಮಾಡಲೇಬೇಕು ಅನ್ನುವವರಿಗೆ ನಾನು ಕಲಿತ ಒಂದೆರಡು ವಿಷಯ. ಸುಂಕ ಬೀಳೋದು ಸಾಮಾನಿನ ಬೆಲೆಗೆ ಮಾತ್ರ ಅಲ್ಲ, ಕಳಿಸುವ ಖರ್ಚು, ವಿಮೆ ಎಲ್ಲಾ ಸೇರಿಸಿದ ಮೊತ್ತದ ಮೇಲೆ. ಅದರ ಮೇಲೆ ಸೆಸ್ಸು, ಎಲ್ಲಾ ಕೂಡಿದ ಮೇಲೆ ಜಿಎಸ್‌ಟಿ. ಹಾಗಾಗಿ 9 ಯೂರೋದ ಸೀಲಿಗೆ ಒಬ್ಬನೇ ಆರ್ಡರ್ ಮಾಡಿದರೆ ದುಡ್ಡೆಲ್ಲ ದಾರಿಗೇ ಹೋಗುತ್ತದೆ. ನಾವು ನಾಲ್ಕು ಜನ ಸೇರಿ ತರಿಸುತ್ತೇವೆ, ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಗಾಡಿಗಳು ಸೇರುತ್ತವಲ್ಲ, ಅವತ್ತೇ ಪಟ್ಟಿ ಬರೆದುಕೊಳ್ಳುತ್ತೇವೆ. ಚೆಕ್ ದೇಶದಲ್ಲಿ ಶೇ. 21 ವ್ಯಾಟ್ ಇದೆ, ಯುರೋಪಿನ ಹೊರಗೆ ಕಳಿಸುವಾಗ ಅದನ್ನು ಬಿಡಬಹುದು. ಬೆಲೆಯಲ್ಲಿ ತಾನಾಗೇ ಕಡಿಮೆಯಾಗದಿದ್ದರೆ ಮೇಲ್ ಮಾಡಿ ಕೇಳಿ. ಕೊರಿಯರಿನವರು ಗುರುತಿನ ದಾಖಲೆ ಕೇಳುತ್ತಾರೆ, ಮೊದಲೇ ಕೊಟ್ಟಿಟ್ಟರೆ ಪಾರ್ಸೆಲ್ ಸುಮ್ನೆ ಕಾಯೋದಿಲ್ಲ. ಇನ್ನು ಇಲ್ಲಿಯ ಅಂಗಡಿ ಬೆಲೆ ನೋಡುವಾಗ, 2025ರ ಸೆಪ್ಟೆಂಬರ್ 22ರಿಂದ ಗಾಡಿ ಬಿಡಿಭಾಗಗಳ ಜಿಎಸ್‌ಟಿ ಶೇ. 18 ಆಗಿದೆ ಅನ್ನೋದು ನೆನಪಿರಲಿ. ಬಿಲ್ ಕೇಳಿ ತಗೊಳ್ಳಿ.

ಊರಿನ ಅಂಗಡಿಗೆ ಹೋಗುವಾಗ ಹಳೆ ಭಾಗ ಕೈಯಲ್ಲೇ ಇರಲಿ. ನಾನು ಹೋಗುವ ಅಂಗಡಿಯ ಹಿರಿಯರು ಬಾಯಲ್ಲಿ ಹೇಳಿದರೆ ಏನೂ ತೆಗೆಯೋದಿಲ್ಲ, "ಹಳೇದು ತಂದಿಯೇನಪ್ಪ?" ಅಂತಲೇ ಮಾತು ಶುರು. ಕೊಟ್ಟರೆ ಅಂಗೈಯಲ್ಲಿ ಉರುಳಿಸಿ ನೋಡಿ, ಒಳಗೆ ಹೋಗಿ, ಧೂಳು ಹಿಡಿದ ಡಬ್ಬಿ ತಂದು ಎರಡನ್ನೂ ಕೌಂಟರಿನ ಗಾಜಿನ ಮೇಲೆ ಪಕ್ಕಪಕ್ಕ ಇಡುತ್ತಾರೆ. ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಫೋನ್ ಮಾಡಿ ಎರಡು ದಿನದಲ್ಲಿ ಬಸ್ಸಿನ ಪಾರ್ಸೆಲ್ಲಿಗೆ ಹಾಕಿಸುತ್ತಾರೆ. ಒಂದು ಸಲ ಮೈಸೂರು ಕಾರ್ಖಾನೆಯ ಹಳೆ ಸ್ಟಾಕಿನ ಕಿಕ್ ಸ್ಪ್ರಿಂಗ್ ಹೀಗೇ ಸಿಕ್ಕಿತು, ಎಣ್ಣೆ ಕಾಗದ ಕೂಡ ಬಿಚ್ಚಿರಲಿಲ್ಲ. "ನಿಮ್ಮಪ್ಪಾರ ಗಾಡಿಗೇನಾ? ಹಂಗಾರೆ ತಗ" ಅಂದು ಹಳೆ ಬೆಲೆಗೇ ಕೊಟ್ಟರು.

ಈಗ ಮುಂದಿನ ಫೋರ್ಕಿನಲ್ಲಿ ಆಯಿಲ್ ಜಿನುಗುತ್ತಿದೆ. ಅದೂ ರಬ್ಬರೇ, ಆದರೆ ಇಂಜಿನ್ ಬಿಸಿಯೂ ಇಲ್ಲ, ಪೆಟ್ರೋಲೂ ತಾಗಲ್ಲ, ಬಿಚ್ಚಿ ಹಾಕೋಕೆ ಅರ್ಧ ದಿನ ಸಾಕು. ಶನಿವಾರ ಹಳೆ ಸೀಲ್ ಜೇಬಿಗೆ ಹಾಕಿಕೊಂಡು ಪಿ.ಬಿ. ರಸ್ತೆಗೇ ಹೋಗುತ್ತೇನೆ.