ಕಡಲೆದುರಿನ ರೂಮಾ, ಎರಡು ಕಿಲೋಮೀಟರ್ ಒಳಗಿನ ಮನೆಯಾ?

ಮೂರು ಬೇಸಿಗೆ, ಮೂರು ಥರದ ವಸತಿ. ಮೊದಲ ವರ್ಷ ಕಡಲಿಗೆ ಮುಖ ಮಾಡಿದ ಹೋಟೆಲ್ ರೂಮು. ಎರಡನೇ ವರ್ಷ ದಡದಿಂದ 2 ಕಿಲೋಮೀಟರ್ ಒಳಗೆ ಒಂದು ಬಾಡಿಗೆ ಮನೆ. ಮೂರನೇ ವರ್ಷ ಮಕ್ಕಳ ಹಟಕ್ಕೆ ಎರಡು ರಾತ್ರಿ ಟೆಂಟು. ಹೋದವರು ಮಾತ್ರ ಅದೇ ಜನ: ನಾನು, ಇವರು, ಮೊದಲ ಸಲ ಹೋದಾಗ 9 ವರ್ಷದ ಮಗಳು, 5 ವರ್ಷದ ಮಗ, ಮತ್ತೆ ಅತ್ತೆ. ಟೆಂಟಿಗೆ ಮಾತ್ರ ಅತ್ತೆ ಬರಲಿಲ್ಲ. ‘ನೀವು ಹೋಗಿ ಬನ್ನಿ, ನನಗೆ ಮಂಚ ಬೇಕಮ್ಮ’ ಅಂದರು.

ರೂಮು ಬುಕ್ ಮಾಡುವಾಗ ನಾವೆಲ್ಲ ಯೋಚಿಸುವುದು ಬೆಳಗ್ಗೆ ಮತ್ತು ಸಂಜೆಯನ್ನು. ಎದ್ದ ಕೂಡಲೇ ಕಡಲು ಕಾಣಬೇಕು, ಸೂರ್ಯ ಮುಳುಗುವಾಗ ಬಾಲ್ಕನಿಯಲ್ಲಿ ಕೂತಿರಬೇಕು. ನಾನೂ ಹಾಗೇ ಯೋಚಿಸಿದ್ದೆ. ಆದರೆ ಬೇಸಿಗೆಯಲ್ಲಿ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಮಕ್ಕಳನ್ನು ಮರಳಿನ ಮೇಲೆ ಬಿಡುವ ಹಾಗಿಲ್ಲ. ಐದು ಗಂಟೆ! ಆ ಐದು ಗಂಟೆ ಎಲ್ಲಿ ಇರುತ್ತೀರಿ, ಏನು ಮಾಡುತ್ತೀರಿ? ನಮ್ಮ ಮನೆಯಲ್ಲಿ ರಜೆ ಚೆನ್ನಾಗಿ ಆಗುವುದು, ಕೆಡುವುದು ಎರಡೂ ಅದರ ಮೇಲೇ ನಿಂತಿದೆ. ಮೊದಲ ವರ್ಷ ಇದು ಗೊತ್ತಿರಲಿಲ್ಲ.

ಹೋಟೆಲ್ ರೂಮಿನ ಸುಖವನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ. ಬಾಗಿಲು ತೆರೆದರೆ ಮೆಟ್ಟಿಲು, ಮೆಟ್ಟಿಲು ಇಳಿದರೆ ಮರಳು. ಮಗನಿಗೆ ಬಾತ್‌ರೂಮಿಗೆ ಹೋಗಬೇಕು ಅಂದರೆ ಎರಡು ನಿಮಿಷ. ಟವೆಲ್ ಮರೆತರೆ ಎರಡು ನಿಮಿಷ. ಐದು ವರ್ಷದ ಮಗು ಇರುವವರಿಗೆ ಇದು ಸಣ್ಣ ವಿಷಯ ಅಲ್ಲ. ಅತ್ತೆ ಕೂಡ ತಮಗೆ ಬೇಕಾದಾಗ ಇಳಿದು, ಸಾಕಾದಾಗ ಹತ್ತಿ ಬರುತ್ತಿದ್ದರು. ಯಾರನ್ನೂ ಕಾಯುವ ಹಂಗಿಲ್ಲ.

ಕಷ್ಟ ಶುರುವಾಗಿದ್ದು ಮಧ್ಯಾಹ್ನ. ಹಗಲು ನೆಲ ಬೇಗ ಕಾಯುತ್ತದೆ, ನೀರು ನಿಧಾನ. ನೆಲದ ಮೇಲಿನ ಬಿಸಿಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಕಡಲ ಕಡೆಯಿಂದ ಗಾಳಿ ನುಗ್ಗುತ್ತದೆ. ಕೇಳಲು ತಂಪಾಗಿದೆ, ಅಲ್ವಾ? ಎದುರಿಗೇ ಕೂತವರಿಗೆ ಆ ಗಾಳಿ ಮರಳನ್ನೂ ತರುತ್ತದೆ. ಬಾಲ್ಕನಿ ಬಾಗಿಲು ತೆಗೆದರೆ ಹಾಸಿಗೆ ಮೇಲೆ ಮರಳು, ಮುಚ್ಚಿದರೆ ಧಗೆ. ಕೊನೆಗೆ ಏಸಿ ಹಾಕಿ, ಪರದೆ ಎಳೆದು ಕೂತೆವು. ಕಡಲು ಕಾಣಲಿ ಅಂತ ಜಾಸ್ತಿ ದುಡ್ಡು ಕೊಟ್ಟು ತೆಗೆದುಕೊಂಡ ರೂಮಿನಲ್ಲಿ ದಿನಕ್ಕೆ ಐದು ಗಂಟೆ ಪರದೆ! ಒಂದೇ ಕೋಣೆ, ಐದು ಜನ, ಒಂದು ಟೀವಿ. ಅತ್ತೆ ಮಲಗಬೇಕು, ಮಕ್ಕಳು ಕುಣಿಯಬೇಕು. ಎರಡನೇ ದಿನವೇ ನಾನು ಮಕ್ಕಳನ್ನು ಲಿಫ್ಟಿನಲ್ಲಿ ಸುಮ್ನೆ ಮೇಲೆ ಕೆಳಗೆ ಓಡಾಡಿಸಿಕೊಂಡು ಬಂದೆ.

ಇನ್ನೊಂದು ಸಂಗತಿ ಬಟ್ಟೆಯದು. ಸಂಜೆ ನೀರಿಗಿಳಿದು ಬಂದ ಚಡ್ಡಿ, ಟೀ ಶರ್ಟುಗಳನ್ನು ಬಾಲ್ಕನಿ ಕುರ್ಚಿ ಮೇಲೆ ಹರವಿದೆ. ಬೆಳಗ್ಗೆ ಮುಟ್ಟಿ ನೋಡಿದರೆ ಅಷ್ಟೇ ತಣ್ಣಗೆ, ಅಂಟಂಟು. ಇಡೀ ರಾತ್ರಿ ಗಾಳಿ ಬೀಸಿದೆ, ಆದರೂ ಒಣಗಿಲ್ಲ. ಆಮೇಲೆ ಹೊಳೆಯಿತು: ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಬಟ್ಟೆಯಲ್ಲಿ ಉಳಿದ ಆ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಮೊದಲು ಸಿಹಿನೀರಿನಲ್ಲಿ ಜಾಲಿಸಿ ಹಿಂಡಿದರೆ ಮಾತ್ರ ಒಣಗುತ್ತದೆ. ಹೋಟೆಲ್ ಬಾತ್‌ರೂಮಿನಲ್ಲಿ ಅದನ್ನೂ ಮಾಡಿದೆ. ಬಟ್ಟೆಯಿಂದ ಬಿದ್ದ ಮರಳು ನೀರು ಹೋಗುವ ತೂತಿನಲ್ಲಿ ಕಟ್ಟಿಕೊಂಡಿತು. ನೀರು ಹೊಸ್ತಿಲು ದಾಟಿ ಕೋಣೆಗೆ ಬಂತು. ರಿಸೆಪ್ಷನ್ನಿಗೆ ಫೋನ್ ಮಾಡಿದರೆ, ‘ಇಲ್ಲಿ ಬಟ್ಟೆ ಒಗೆಯಬಾರದು ಮೇಡಂ’ ಅಂತ ಬೋರ್ಡು ತೋರಿಸಿದರು. ಬೋರ್ಡು ಬಾಗಿಲಿನ ಹಿಂದೆ ಇತ್ತು.

ಇದೆಲ್ಲ ಸಹಿಸಬಹುದು. ನನಗೆ ಹೆದರಿಕೆ ತಂದಿದ್ದು ಬೇರೆ. ರೂಮಿನ ಎದುರಿಗೇ ಕಡಲು ಇದ್ದರೆ ನಾವು ಅಲ್ಲೇ ಇಳಿಯುತ್ತೇವೆ. ಆ ಜಾಗ ಇಳಿಯಲು ಯೋಗ್ಯವೇ ಅಂತ ಕೇಳುವುದೇ ಇಲ್ಲ. ಹೋಟೆಲ್ ಇದೆ ಅಂದಮೇಲೆ ಸರಿಯಾಗೇ ಇರುತ್ತದೆ ಅನ್ನುವ ಭರವಸೆ. ನಮ್ಮ ಎದುರಿನ ದಡದಲ್ಲಿ ಲೈಫ್‌ಗಾರ್ಡ್ ಇರಲಿಲ್ಲ. ಎರಡೂ ಕಡೆ ಬಿಳಿ ನೊರೆಯ ಅಲೆ ಬೀಳುತ್ತಿದ್ದರೆ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಗೆ ಕಾಣುತ್ತಿತ್ತು. ‘ಅಲ್ಲಿ ಅಲೆ ಇಲ್ಲ, ಅಲ್ಲೇ ಆಡಿ’ ಅಂತ ಮಕ್ಕಳಿಗೆ ಕೈ ತೋರಿಸಿದವಳು ನಾನೇ. ಮರುವರ್ಷ ಬೇರೊಂದು ಬೀಚಿನಲ್ಲಿ ಲೈಫ್‌ಗಾರ್ಡ್ ಒಬ್ಬರು ವಿವರಿಸಿದಾಗ ಮೈ ತಣ್ಣಗಾಯಿತು. ದಡಕ್ಕೆ ಬಂದ ನೀರು ವಾಪಸ್ ಹೋಗಲು ದಾರಿ ಬೇಕಲ್ಲ, ಅದು ಹೋಗುವುದು ಎಷ್ಟೋ ಸಲ ಇಂಥ ಶಾಂತ ಪಟ್ಟಿಯಲ್ಲೇ. ಅದೇ ಸೆಳೆತ. ಸಿಕ್ಕಿಬಿದ್ದರೆ ದಡದ ಕಡೆ ನೇರ ಈಜಬಾರದು, ಸುಸ್ತಾಗಿ ಮುಳುಗುವುದು ಹಾಗೇ. ತೇಲಿಕೊಂಡು ಕೈ ಎತ್ತಿ ಕೂಗಬೇಕು. ಈಜಲು ಬಂದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದು, ಸೆಳೆತ ಬಿಟ್ಟ ಮೇಲೆ ದಡಕ್ಕೆ ಬರಬೇಕು. ಮೊದಲ ವರ್ಷ ನಮಗೆ ಏನೂ ಆಗಲಿಲ್ಲ. ಮೊಣಕಾಲುದ್ದ ನೀರು ದಾಟಲು ಇವರು ಬಿಡಲಿಲ್ಲ, ಅದೇ ಪುಣ್ಯ.

ಒಳಗಿನ ಮನೆಯಲ್ಲಿದ್ದಾಗ ಈ ತಪ್ಪು ಆಗಲಿಲ್ಲ. ನಾವು ಜಾಣರಾದೆವು ಅಂತಲ್ಲ. ಹೇಗಿದ್ದರೂ ಗಾಡಿ ತೆಗೆಯಬೇಕು, ತೆಗೆದ ಮೇಲೆ ಲೈಫ್‌ಗಾರ್ಡ್ ಇರುವ, ಬಾವುಟ ನೆಟ್ಟಿರುವ ಬೀಚಿಗೇ ಹೋಗೋಣ ಅನಿಸಿತು, ಅಷ್ಟೇ. ಉಬ್ಬರ ಇಳಿತದ ಸಮಯ ನೋಡಲು ಕಲಿತದ್ದೂ ಆ ವರ್ಷವೇ. ಎದುರಿಗೇ ಕಡಲಿದ್ದಾಗ ಅದರ ಅಗತ್ಯ ಕಂಡಿರಲಿಲ್ಲ. ಎರಡು ಕಿಲೋಮೀಟರ್ ಹೋಗಿ, ಮರಳೆಲ್ಲ ನೀರಿನಡಿ ಸೇರಿರುವುದನ್ನು ನೋಡಿ ವಾಪಸ್ ಬಂದವರು ಮಾತ್ರ ಫೋನಿನಲ್ಲಿ ಹುಡುಕುತ್ತಾರೆ. ಬಹಳ ಕಡೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನ ದಿನಕ್ಕೂ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಶನಿವಾರ ಬೆಳಗ್ಗೆ 8ಕ್ಕೆ ಇಳಿತ ಇದ್ದ ಜಾಗದಲ್ಲಿ ಮುಂದಿನ ಶನಿವಾರ ಅದೇ ಹೊತ್ತಿಗೆ ಹೆಚ್ಚುಕಮ್ಮಿ ಉಬ್ಬರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಇನ್ನೂ ಮೇಲೆ ಬರುತ್ತದೆ, ಇನ್ನೂ ಕೆಳಗೆ ಹೋಗುತ್ತದೆ. ಹಿಂದಿನ ವರ್ಷ ನಮ್ಮ ಚಾಪೆ, ಚಪ್ಪಲಿ, ಒಂದು ನೀರಿನ ಬಾಟಲಿ ತೇಲಿಹೋದದ್ದು ಯಾಕೆ ಅಂತ ಆಗ ಗೊತ್ತಾಯಿತು. ಒದ್ದೆ ಮರಳಿನ ಗೆರೆ ದಾಟಿ ನೀರಿನ ಕಡೆ ಕೂರಬಾರದು ಅನ್ನುವಷ್ಟು ಬುದ್ಧಿಯೂ ನಮಗೆ ಇರಲಿಲ್ಲ.

ಮಧ್ಯಾಹ್ನ ಅಂತೂ ಈ ಮನೆ ಬೇರೆ ಲೋಕ. ಸುತ್ತ ಮರ, ಎರಡು ಕೋಣೆ, ಒಂದು ಜಗಲಿ. ಕಡಲಗಾಳಿ ಅಲ್ಲಿಗೂ ಬರುತ್ತಿತ್ತು, ಮರಳಿಲ್ಲದೆ. ಅತ್ತೆ ಒಂದು ಕೋಣೆಯಲ್ಲಿ ನಿದ್ದೆ, ಮಗಳು ಜಗಲಿಯಲ್ಲಿ ಚಿಪ್ಪುಗಳನ್ನು ಗಾತ್ರದ ಪ್ರಕಾರ ಜೋಡಿಸುವುದು, ಮಗ ಬಕೆಟ್ಟಿಗೆ ನೀರು ತುಂಬಿ ಚೆಲ್ಲುವುದು. ಹಿತ್ತಲಲ್ಲಿ ನಲ್ಲಿ, ಪಕ್ಕದಲ್ಲಿ ಹಗ್ಗ. ಬಟ್ಟೆ ಜಾಲಿಸಿ ಹಾಕಿದರೆ ಎರಡು ಗಂಟೆಗೆ ಗರಿಗರಿ. ಮಕ್ಕಳ ಕಾಲಿಗೆ ಅಂಟಿದ ಮರಳಿಗೆ ಸ್ವಲ್ಪ ಪೌಡರ್ ಹಾಕಿ ಸವರಿದರೆ ತೇವ ಹೀರಿಕೊಂಡು ಉದುರುತ್ತದೆ, ಅದನ್ನು ಹೊರಗಿನ ಕಲ್ಲಿನ ಮೇಲೇ ಮುಗಿಸಿ ಒಳಗೆ ಬಿಡುತ್ತಿದ್ದೆ.

ಬಿಸಿಲಿನ ವಿಷಯದಲ್ಲೂ ವ್ಯತ್ಯಾಸ ಕಂಡಿತು. ಹೋಟೆಲಿನಲ್ಲಿದ್ದಾಗ ‘ಈಗ ಹೋಗಿ ಈಗ ಬರುತ್ತೇವೆ’ ಅಂತ ಸನ್‌ಸ್ಕ್ರೀನ್ ಹಚ್ಚದೆ ಇಳಿಯುತ್ತಿದ್ದೆವು. ಹಾಗೆ ನಾಲ್ಕು ಸಲ ಇಳಿದರೆ ಎರಡು ಗಂಟೆ ಆಯಿತು. ಕೊಡೆ ಕೆಳಗೇ ಕೂತಿದ್ದ ಮಗನ ಪಾದದ ಮೇಲ್ಭಾಗ ಮತ್ತು ಕಿವಿಯ ಹಿಂದೆ ಸುಟ್ಟಿತು. ರಾತ್ರಿ ಹೊದಿಕೆ ತಾಗಿದರೂ ಅಳು. ಒಣ ಮರಳು ಅತಿನೇರಳೆ ಕಿರಣದಲ್ಲಿ ಸುಮಾರು 15 ಶೇಕಡ, ಅಲೆಯ ನೊರೆ ಸುಮಾರು 25 ಶೇಕಡ ಪ್ರತಿಫಲಿಸುತ್ತದೆ. ಕೊಡೆ ತಡೆಯುವುದು ಮೇಲಿನದನ್ನು ಮಾತ್ರ. ಮರುವರ್ಷ ಮನೆಯಿಂದ ಹೊರಡುವುದೇ ಒಂದು ಕಾರ್ಯಕ್ರಮ ಆದ್ದರಿಂದ ಹಚ್ಚುವುದೂ ಅದರಲ್ಲಿ ಸೇರಿತು. ಎರಡು ಗಂಟೆಗೊಮ್ಮೆ, ಮತ್ತೆ ನೀರಿನಿಂದ ಎದ್ದು ಬಂದಾಗ ಇನ್ನೊಮ್ಮೆ. ಟ್ಯೂಬಿನ ಮೇಲಿನ ಎಸ್‌ಪಿಎಫ್ ಅಂದರೆ ಚರ್ಮ ಸುಡುವ ಕಿರಣವನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಅಂಕೆ. ಎಸ್‌ಪಿಎಫ್ 30 ಆ ಕಿರಣವನ್ನು ಸುಮಾರು 97 ಶೇಕಡ ತಡೆದರೆ 50 ಸುಮಾರು 98 ಶೇಕಡ. ದುಬಾರಿ ಟ್ಯೂಬು ಅಂತ ಉಳಿಸಿ ಉಳಿಸಿ ಹಚ್ಚುವ ಬದಲು 30ರದ್ದನ್ನೇ ಧಾರಾಳವಾಗಿ ಹಚ್ಚಿ ಅನ್ನುತ್ತೇನೆ.

ಹಾಗಾದರೆ ಮನೆಯೇ ಸೈ ಅಂತೀರಾ? ತಡೆಯಿರಿ. ಆ ಮನೆಯಲ್ಲಿ ಅಡುಗೆಮನೆ ಇತ್ತು.

ಮೊದಲ ಮೂರು ದಿನ ನಾನು ಕಡಲು ನೋಡಿದ್ದಕ್ಕಿಂತ ಒಲೆ ನೋಡಿದ್ದೇ ಜಾಸ್ತಿ. ಬೆಳಗ್ಗೆ ತಿಂಡಿ ಮುಗಿಸಿ ಪಾತ್ರೆ ತೊಳೆಯುವ ಹೊತ್ತಿಗೆ ಬಿಸಿಲು ಏರಿರುತ್ತಿತ್ತು, ಮಕ್ಕಳು ಇವರ ಜೊತೆ ಹೋಗಿ ಬಂದೂ ಆಗಿರುತ್ತಿತ್ತು. ಅಡುಗೆಮನೆ ಇದ್ದರೆ ದುಡ್ಡು ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಉಳಿಯಿತು, ಸುಳ್ಳಲ್ಲ. ಹೋಟೆಲಿನ ನಾಲ್ಕು ರಾತ್ರಿಯ ಬಾಡಿಗೆಗೆ ಈ ಮನೆ ಒಂದು ವಾರ ಸಿಕ್ಕಿತ್ತು, ಊಟದ ಖರ್ಚೂ ಅರ್ಧ. ಆದರೆ ಆ ಉಳಿತಾಯ ಯಾರ ಬೆನ್ನಿನಿಂದ ಬಂತು? ನಾಲ್ಕನೇ ದಿನ ಬೆಳಗ್ಗೆ ನಾನು ಒಲೆ ಹಚ್ಚದೆ ಜಗಲಿಯಲ್ಲಿ ಕೂತೆ. ಇವರು ಬಂದು, ‘ಹುಷಾರಿಲ್ವಾ?’ ಅಂದರು. ‘ಹುಷಾರಾಗೇ ಇದ್ದೀನಿ, ರಜೆ ಮೇಲಿದ್ದೀನಿ’ ಅಂದೆ. ಅತ್ತೆ ಒಳಗಿನಿಂದ ನಕ್ಕದ್ದು ಕೇಳಿಸಿತು. ಅವತ್ತಿನಿಂದ ತಿಂಡಿ ಇವರದು, ಮಧ್ಯಾಹ್ನ ಒಂದೇ ಬಗೆಯ ಅಡುಗೆ ನನ್ನದು, ರಾತ್ರಿ ಹೊರಗೆ. ಈ ಒಪ್ಪಂದ ಹೊರಡುವ ಮೊದಲೇ ಆಗದಿದ್ದರೆ ಕಣ್ಣು ಮುಚ್ಚಿ ಹೋಟೆಲಿಗೇ ಹೋಗಿ. ಬಾತ್‌ರೂಮಿನ ತೂತು ಕಟ್ಟಿಕೊಂಡರೂ ಪರವಾಗಿಲ್ಲ.

ಹೋಟೆಲಿನ ರಾತ್ರಿಯ ಬಗ್ಗೆ ಎರಡೇ ಮಾತು. ಅಲೆಯ ಸದ್ದು ಕೇಳುತ್ತಾ ಮಲಗುವುದು ಮೊದಲ ರಾತ್ರಿ ಹಿತ, ಎರಡನೇ ರಾತ್ರಿ ಅಭ್ಯಾಸ. ಮೂರನೇ ರಾತ್ರಿ ಅತ್ತೆ ಕಿವಿಗೆ ಹತ್ತಿ ಕೇಳಿದರು.

ಟೆಂಟಿನದು ಬೇಗ ಮುಗಿಯುವ ಕತೆ. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಚೀಲವನ್ನೇ ಹೂಳಬೇಕು. ಇದನ್ನು ನಾವು ಕಲಿತದ್ದು ರಾತ್ರಿ 2 ಗಂಟೆಗೆ, ಟೆಂಟು ಮುಖದ ಮೇಲೆ ಕುಸಿದಾಗ. ಬೆಳಗ್ಗೆ 7ಕ್ಕೆಲ್ಲ ಒಳಗೆ ಬೆಂದಂತೆ ಸೆಕೆ. ಮಲಗುವ ಚೀಲದೊಳಗೆ ಮರಳು, ಬ್ರೆಡ್ಡಿನಲ್ಲಿ ಮರಳು. ಟಾಯ್ಲೆಟ್ಟಿಗೆ ಟಾರ್ಚು ಹಿಡಿದು ಐದು ನಿಮಿಷ ನಡಿಗೆ. ಮಧ್ಯಾಹ್ನ ಕಳೆಯಲು ಜಾಗವೇ ಇಲ್ಲ, ಎರಡೂ ದಿನ ಕಾರಿನಲ್ಲಿ ಕೂತು ಊರು ಸುತ್ತಿದೆವು. ನನ್ನ ಲೆಕ್ಕದಲ್ಲಿ ಇದು ಕೊನೇ ಸ್ಥಾನ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಮಕ್ಕಳನ್ನು ಕೇಳಿ ನೋಡಿ. ಇಬ್ಬರದೂ ಮೊದಲ ಓಟು ಟೆಂಟಿಗೆ. ಕಾರಣ ಕೇಳಿದರೆ, ಟೆಂಟು ಬಿದ್ದದ್ದೇ ಕಾರಣ.

ಈ ಸಲ ಮತ್ತೆ ಮನೆಯನ್ನೇ ಹುಡುಕಿದ್ದೇನೆ. ಆದರೆ ಎರಡು ಕಿಲೋಮೀಟರ್ ಅಲ್ಲ, ನಡೆದರೆ ಹತ್ತು ನಿಮಿಷ. ಅತ್ತೆಗೆ ಮೊದಲ ವರ್ಷದ ಸ್ವಾತಂತ್ರ್ಯ ವಾಪಸ್ ಸಿಗಲಿ ಅಂತ. ಎರಡನೇ ವರ್ಷ ಒಳಗಿನ ಮನೆಯಲ್ಲಿ ಅವರು ಪ್ರತಿ ಸಲವೂ ಗಾಡಿಗೆ ಕಾಯಬೇಕಾಯಿತು, ಎರಡು ದಿನ ‘ನೀವೇ ಹೋಗಿ’ ಅಂತ ಉಳಿದುಬಿಟ್ಟರು. ಅದು ನನಗೆ ಆಗ ಕಾಣಲಿಲ್ಲ. ತಾರೀಖನ್ನು ಕೂಡ ಉಬ್ಬರ ಇಳಿತ ನೋಡಿಯೇ ಇಟ್ಟಿದ್ದೇನೆ, ಆ ವಾರದ ಹೆಚ್ಚಿನ ದಿನ ಬೆಳಗ್ಗೆ ನೀರು ಇಳಿದಿರುತ್ತದೆ. ತಿಂಡಿ ಇವರದು ಅಂತ ಬರೆದು ಫ್ರಿಜ್ಜಿಗೆ ಅಂಟಿಸಿಯೂ ಆಯಿತು.

ಮಗ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, ತಾರಸಿ ಮೇಲೆ ಟೆಂಟು ಹಾಕಬಹುದಾ ಅಂತ ಮಾಲೀಕರನ್ನು ಕೇಳಿದ್ದಾನೆ. ಮೊಳೆ ಹೊಡೆಯದಿದ್ದರೆ ಹಾಕಬಹುದು ಅಂದರಂತೆ. ಈಗ ಅಟ್ಟದಿಂದ ಖಾಲಿ ಚೀಲ ಇಳಿಸುತ್ತಿದ್ದಾನೆ, ಮರಳು ತುಂಬಿಕೊಂಡು ಬರಲು.