ಟರ್ಬೊ ಕಾರಿನ ಮಿಸ್ಸಿಂಗ್ ಹುಡುಕಲು ಯಾವ ದಾರಿ ಒಳ್ಳೆಯದು?

ಐಡಲ್‌ನಲ್ಲಿ ಇಂಜಿನ್ ಸ್ವಲ್ಪವೂ ನಡುಗುವುದಿಲ್ಲ. ನಿಧಾನಕ್ಕೆ ಓಡಿಸಿದರೂ ತಕರಾರಿಲ್ಲ. ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಬೂಸ್ಟ್ (ಟರ್ಬೊ ಇಂಜಿನ್‌ಗೆ ತುಂಬುವ ಗಾಳಿಯ ಒತ್ತಡ) ಏರಿತು ಅನ್ನುವಷ್ಟರಲ್ಲಿ ಜರ್ಕ್ ಶುರು. ಸಿಲಿಂಡರ್‌ನಲ್ಲಿ ಸರಿಯಾಗಿ ಉರಿ ಹತ್ತದೆ ಹೀಗಾಗುವುದಕ್ಕೇ ಮಿಸ್ಸಿಂಗ್ ಅನ್ನುತ್ತಾರೆ. 1990ರ ದಶಕದ ಕೊನೆಯ ನನ್ನ ನಾಲ್ಕು ಸಿಲಿಂಡರ್ ಟರ್ಬೊ ಸ್ಪೋರ್ಟ್ಸ್ ಕಾರಿನಲ್ಲಿ ಇದೇ ಆಗುತ್ತಿತ್ತು. ಇದಕ್ಕೆ ಒಬ್ಬೊಬ್ಬರು ಒಂದೊಂದು ದಾರಿ ಹೇಳುತ್ತಾರೆ. ಅವನ್ನೆಲ್ಲ ಇದೇ ಕಾರಿನ ಮೇಲೆ ಮಾಡಿ ನೋಡಿದೆ.

ಕಾರಿನ ಕಂಪ್ಯೂಟರ್‌ನಲ್ಲಿರುವ ದೋಷದ ಕೋಡ್ ಓದುವ ಸ್ಕ್ಯಾನರ್ ಎಲ್ಲಕ್ಕಿಂತ ಸುಲಭ. ಪಿ0301 ಬಂದರೆ ಒಂದನೇ ಸಿಲಿಂಡರ್, ಪಿ0302 ಬಂದರೆ ಎರಡನೆಯದು. ನನಗೆ ಬಂದದ್ದು ಪಿ0300. ಅಂದರೆ ಮಿಸ್ಸಿಂಗ್ ಇದೆ, ಆದರೆ ಇಂಥದೇ ಸಿಲಿಂಡರ್ ಅಂತ ಇಲ್ಲ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ತಿರುಗುವ ವೇಗದಲ್ಲಿನ ಏರುಪೇರು ನೋಡಿ ಕಂಪ್ಯೂಟರ್ ಇಷ್ಟು ಹೇಳುತ್ತದೆ. ಯಾಕೆ ಅನ್ನುವುದು ಅದಕ್ಕೂ ಗೊತ್ತಿಲ್ಲ. ಇಲ್ಲೊಂದು ಎಚ್ಚರ ಬೇಕು. ಸಿಲಿಂಡರ್‌ನಲ್ಲಿ ಉರಿ ಹತ್ತದಿದ್ದರೆ ಬಳಕೆಯಾಗದ ಆಮ್ಲಜನಕ ಹಾಗೇ ಸೈಲೆನ್ಸರ್ ಕಡೆ ಹೋಗುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಸಾಲುತ್ತಿಲ್ಲ ಅನ್ನುತ್ತದೆ. ಆ ಮಾತು ನಂಬಿ ಸುಮ್ನೆ ಪಂಪು, ಇಂಜೆಕ್ಟರ್ ಬದಲಿಸುವವರು ಇದ್ದಾರೆ. ಚೆಕ್ ಇಂಜಿನ್ ದೀಪ ಮಿನುಗತೊಡಗಿದರೆ ಮಾತ್ರ ತಕ್ಷಣ ಆಕ್ಸಿಲರೇಟರ್ ಬಿಡಿ. ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿದು ಅದನ್ನು ಸುಟ್ಟುಹಾಕುತ್ತದೆ.

ಎರಡನೆಯದು ಕಾಯಿಲ್ (ಪ್ಲಗ್‌ಗೆ ಕಿಡಿಯ ವೋಲ್ಟೇಜ್ ಕೊಡುವ ಭಾಗ) ಅದಲುಬದಲು. ಮೂರನೇ ಸಿಲಿಂಡರ್‌ನ ಕಾಯಿಲನ್ನು ಒಂದಕ್ಕೆ ಹಾಕಿ, ಕೋಡ್ ಕೂಡ ಜೊತೆಗೇ ಬಂದರೆ ಕಾಯಿಲ್ ಕೆಟ್ಟಿದೆ. ದುಡ್ಡು ಖರ್ಚಿಲ್ಲ, ಉತ್ತರ ಖಚಿತ. ಒಂದೇ ಸಿಲಿಂಡರ್‌ನ ಕೋಡ್ ಬಂದಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನನ್ನ ಕಾರಿನಲ್ಲಿ ಯಾವ ಕಾಯಿಲನ್ನು ಎಲ್ಲಿ ಹಾಕಿದರೂ ಒಂದೂ ಬದಲಾಗಲಿಲ್ಲ.

ಮೂರನೆಯದು ಪ್ಲಗ್ ಗ್ಯಾಪ್ (ಕಿಡಿ ಹಾರುವ ಸಂದು) ಕಡಿಮೆ ಮಾಡುವುದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬೂಸ್ಟ್ ಏರಿದಾಗ ಸಿಲಿಂಡರ್ ಒಳಗಿನ ಗಾಳಿ ದಟ್ಟವಾಗುತ್ತದೆ. ಅದನ್ನು ದಾಟಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಹಳೆಯ ಕಾಯಿಲ್‌ಗೆ ಅಷ್ಟು ತ್ರಾಣ ಇರುವುದಿಲ್ಲ. ಸವೆದು 1.1 ಮಿ.ಮೀ. ಆಗಿದ್ದ ಗ್ಯಾಪನ್ನು 0.8ಕ್ಕೆ ಇಳಿಸಿದೆ. ಕಾರು ಚೆನ್ನಾಗಿ ಎಳೆಯಿತು! ಆದರೆ ಬೂಸ್ಟ್ ಇನ್ನಷ್ಟು ಏರಿದಾಗ ಅದೇ ಜರ್ಕ್ ಮತ್ತೆ ಬಂತು. ಈ ದಾರಿಯ ಬಲವೂ ದೋಷವೂ ಇದೇ. ಬೇರೆ ಕಾರಣ ಇದ್ದರೂ ಇದು ಮಿಸ್ಸಿಂಗನ್ನು ಸ್ವಲ್ಪ ಮುಂದಕ್ಕೆ ತಳ್ಳುತ್ತದೆ, ವಾಸಿಯಾಯಿತು ಅನ್ನಿಸುತ್ತದೆ. ಬಿಚ್ಚಿದ ಪ್ಲಗ್‌ಗಳು ಮಾತ್ರ ನಿಜ ಹೇಳುತ್ತಿದ್ದವು. ನಾಲ್ಕಕ್ಕೂ ಕಪ್ಪು ಮಸಿ ಹಿಡಿದಿತ್ತು. ನಾಲ್ಕಕ್ಕೂ ಪೆಟ್ರೋಲ್ ಜಾಸ್ತಿ ಆಗುತ್ತಿದೆ ಅಂತ ತಾನೇ ಅರ್ಥ?

ಅಲ್ಲಿಂದ ಗಾಳಿ ಸೋರಿಕೆಯ ಕಡೆ ಬಂದೆ. ಇಲ್ಲಿ ಹೊಗೆ ಬಿಟ್ಟು ನೋಡುವುದು ಒಂದು ದಾರಿ, ಗಾಳಿ ತುಂಬಿ ನೋಡುವುದು ಇನ್ನೊಂದು. ಎರಡೂ ಒಂದೇ ಅಂತ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ಹೊಗೆ ಯಂತ್ರದ ಒತ್ತಡ ತೀರಾ ಕಡಿಮೆ, 1 ಪಿಎಸ್‌ಐ ಆಸುಪಾಸು. ಐಡಲ್‌ನಲ್ಲಿ ತೊಂದರೆ ಕೊಡುವ ವ್ಯಾಕ್ಯೂಮ್ ಪೈಪು, ಗ್ಯಾಸ್ಕೆಟ್ ಸೋರಿಕೆಗೆ ಅದು ಸಾಕು, ಕಣ್ಣಿಗೇ ಕಾಣುತ್ತದೆ. ನನ್ನ ಕಾರಿನಲ್ಲಿ ಒಂದೆಳೆ ಹೊಗೆಯೂ ಹೊರಗೆ ಬರಲಿಲ್ಲ. ಆಮೇಲೆ ಟರ್ಬೊ ಬಾಯಿಗೆ ಮುಚ್ಚಳ ಕಟ್ಟಿ, ಕಂಪ್ರೆಸರ್‌ನಿಂದ ನಿಧಾನಕ್ಕೆ ಗಾಳಿ ತುಂಬಿದೆ. 10 ಪಿಎಸ್‌ಐ ದಾಟುತ್ತಿದ್ದಂತೆ ಬುಸ್ ಅಂತ ಸದ್ದು. ಸೋಪಿನ ನೀರು ಚಿಮುಕಿಸಿದಾಗ ಗುಳ್ಳೆ ಎದ್ದ ಜಾಗ, ಟರ್ಬೊ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್‌ನ ಅಡಿಭಾಗ, ಸರಿಯಾಗಿ ಕ್ಲಾಂಪ್ ಪಕ್ಕ. ಬಿಸಿ ಮತ್ತು ಆಯಿಲ್ ತಾಗಿ ರಬ್ಬರ್ ಗಟ್ಟಿಯಾಗಿ ಸೀಳಿತ್ತು. ಒತ್ತಡ ಇಲ್ಲದಾಗ ಆ ಸೀಳು ತುಟಿಯಂತೆ ಮುಚ್ಚಿಕೊಳ್ಳುತ್ತಿತ್ತು.

ಸೋರಿದರೆ ಪೆಟ್ರೋಲ್ ಹೆಚ್ಚಾಗುವುದು ಯಾಕೆ? ಈ ಕಾರಿನಲ್ಲಿ ಏರ್ ಫ್ಲೋ ಸೆನ್ಸರ್ ಟರ್ಬೊಗಿಂತ ಮೊದಲೇ ಇದೆ. ಅದು ಅಳೆದಷ್ಟು ಗಾಳಿಗೆ ತಕ್ಕಂತೆ ಇಂಜೆಕ್ಟರ್ ಪೆಟ್ರೋಲ್ ಬಿಡುತ್ತದೆ. ಅಳೆದ ಗಾಳಿ ದಾರಿಯಲ್ಲೇ ಸೋರಿಹೋದರೆ ಉಳಿಯುವುದು ಪೆಟ್ರೋಲೇ. ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ನೋಡಿ ಲೆಕ್ಕ ಹಾಕುವ ಕಾರುಗಳಲ್ಲಿ ಹೀಗಾಗುವುದಿಲ್ಲ. ಅಲ್ಲಿ ಬೂಸ್ಟ್ ಕಡಿಮೆಯಾಗಿ ಕಾರು ಮಂದ ಅನ್ನಿಸುತ್ತದೆ, ಅಷ್ಟೆ.

ಗಾಳಿ ತುಂಬುವಾಗ ಕ್ರ್ಯಾಂಕ್‌ಕೇಸ್ ಬ್ರೀದರ್ ಪೈಪನ್ನು (ಇಂಜಿನ್ ಒಳಗಿನ ಆವಿ ಹೋಗುವ ಪೈಪು) ಮರೆಯದೆ ಮುಚ್ಚಿ. ಇಲ್ಲದಿದ್ದರೆ ಒತ್ತಡ ಇಂಜಿನ್ ಒಳಗೆ ನುಗ್ಗಿ ಆಯಿಲ್ ಸೀಲ್‌ಗೆ ಪೆಟ್ಟು. ಕಾರಿನ ಮಾಮೂಲಿ ಬೂಸ್ಟ್‌ಗಿಂತ ಹೆಚ್ಚು ತುಂಬುವುದೂ ಬೇಡ.

ಹೋಸ್ ಹೊಸದು ಹಾಕಿದ ಮೇಲೆ ಜರ್ಕ್ ಹೋಯಿತು. ಗ್ಯಾಪನ್ನು 0.8ರಲ್ಲೇ ಬಿಟ್ಟಿದ್ದೇನೆ, ಹಳೆಯ ಕಾಯಿಲ್‌ಗಳಿಗೆ ಅದರಿಂದ ಹೊರೆ ಕಡಿಮೆ.

ಕಂಪ್ರೆಷನ್ (ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಅಂತ ಅಳೆಯುವುದು) ಮತ್ತು ಲೀಕ್‌ಡೌನ್ (ಸಿಲಿಂಡರ್‌ಗೆ ಗಾಳಿ ತುಂಬಿ ಸೋರಿಕೆ ನೋಡುವುದು) ಪರೀಕ್ಷೆಯನ್ನೂ ಮಾಡಿದೆ. ಎರಡರಲ್ಲಿ ಲೀಕ್‌ಡೌನ್ ಮೇಲು. ಕಂಪ್ರೆಷನ್ ಕಡಿಮೆ ಇದೆ ಅಂತ ಗೇಜ್ ಹೇಳಬಹುದು, ಗಾಳಿ ಎಲ್ಲಿಂದ ಹೋಗುತ್ತಿದೆ ಅಂತ ಹೇಳಲ್ಲ. ಲೀಕ್‌ಡೌನ್‌ನಲ್ಲಿ ಕಿವಿಗೇ ಗೊತ್ತಾಗುತ್ತದೆ: ಸೈಲೆನ್ಸರ್‌ನಲ್ಲಿ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ತುಂಬುವ ಬಾಯಲ್ಲಿ ಬಂದರೆ ರಿಂಗ್ ಅಥವಾ ಪಿಸ್ಟನ್. ರೇಡಿಯೇಟರ್‌ನಲ್ಲಿ ಗುಳ್ಳೆ ಕಂಡರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಕೆಲಸ ಮಾತ್ರ ಜಾಸ್ತಿ, ಒಂದೊಂದು ಪಿಸ್ಟನ್ನನ್ನೂ ಮೇಲಕ್ಕೆ ತಂದು ನಿಲ್ಲಿಸಬೇಕು. ಐಡಲ್‌ನಲ್ಲೂ ಅದೇ ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದ್ದು, ಕಾಯಿಲ್, ಪ್ಲಗ್, ಇಂಜೆಕ್ಟರ್ ಬದಲಿಸಿದರೂ ಹೋಗದಿದ್ದರೆ ಇದಕ್ಕೆ ಕೈ ಹಾಕಿ.