ಸಾಲಿಗ್ರಾಮದ ಕಡೆಯಿಂದ ಕಂಡ ಎಂ.ಟಿ.ಆರ್.

ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್., ಬಗ್ಗೆ ಬರೆದವರು ಬಹಳ ಮಂದಿ. ಆದರೆ ಅದನ್ನು ಉಡುಪಿ ಹೋಟೆಲುಗಳ ಸಾಲಿಗೆ ಸೇರಿಸಿ ಮುಂದೆ ಹೋಗುವುದೇ ರೂಢಿಯಾಗಿರುವುದರಿಂದ, ಅದರ ಮೂಲ ಊರಿನ ಕಡೆಯಿಂದ ಒಂದು ವಿಮರ್ಶೆ ಬರೆಯಬೇಕೆಂದು ನನಗೆ ಬಹುದಿನಗಳಿಂದ ಅನ್ನಿಸುತ್ತಿತ್ತು.

ಈ ಹೋಟೆಲನ್ನು ಕಟ್ಟಿದ ಮಯ್ಯ ಸಹೋದರರು ಪಾರಂಪಳ್ಳಿಯವರು. ಉಡುಪಿಗೂ ಕುಂದಾಪುರಕ್ಕೂ ನಡುವೆ ಕಡಲಂಚಿನಲ್ಲಿರುವ ಸಾಲಿಗ್ರಾಮವೆಂಬ ಪುಟ್ಟ ಪಟ್ಟಣದ ಒಂದು ಭಾಗ ಅದು. ಈ ಸೀಮೆಯ ಮನೆಮಾತು ತುಳುವಲ್ಲ, ಕುಂದಗನ್ನಡ. ಇಲ್ಲಿನ ಕೋಟ ಬ್ರಾಹ್ಮಣರಿಗೆ ಮಠಾಧಿಪತಿಗಳಾದ ಗುರುಗಳಿಲ್ಲ; ಸಾಲಿಗ್ರಾಮದ ದೇವರಾದ ನರಸಿಂಹನೇ ಅವರಿಗೆ ಗುರುವೂ ಹೌದು. ಐತಾಳ, ಹೊಳ್ಳ, ಉರಾಳ, ಹಂದೆ, ತುಂಗ, ನಾವಡ, ಕಾರಂತ, ಮಯ್ಯ ಎಂಬ ಹೆಸರುಗಳನ್ನು ಕೇಳಿದೊಡನೆ ಕರಾವಳಿಯವರಿಗೆ ನೆನಪಾಗುವುದು ಈ ಸೀಮೆಯೇ. ಪಕ್ಕದ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಸಾಲಿಗ್ರಾಮದಲ್ಲಿಯೇ ನೆಲೆಸಿದ್ದರು. ಸಾಲಿಗ್ರಾಮ ಮೇಳದ ಭಾಗವತಿಕೆಯಿಂದ ಮನೆಮಾತಾಗಿ, 1990ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಕಾಳಿಂಗ ನಾವಡರು ಇಲ್ಲಿನ ಗುಂಡ್ಮಿಯವರು. ಸಾಹಿತ್ಯಕ್ಕೆ ಕಾರಂತರು, ಯಕ್ಷಗಾನಕ್ಕೆ ನಾವಡರು ಎನ್ನುವಾಗ ಅಡುಗೆಗೆ ಮಯ್ಯರು ಎಂದು ಸೇರಿಸಿ ಹೇಳುವುದು ಅತಿಶಯೋಕ್ತಿಯಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಂಗಳೂರಿಗೆ ಬಂದು ದೊಡ್ಡವರ ಮನೆಗಳಲ್ಲಿ ಅಡುಗೆ ಮಾಡಿಕೊಂಡಿದ್ದ ಸಹೋದರರು 1924ರಲ್ಲಿ ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ತೆರೆದರು. ಅದನ್ನು ಬೆಳೆಸಿದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ವ್ಯವಸ್ಥೆಯನ್ನು ಕಂಡುಬಂದರು. ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಗೊಳಿಸುವುದು, ಗ್ರಾಹಕರು ಅಡುಗೆಮನೆಯನ್ನು ಕಣ್ಣಾರೆ ನೋಡುವಂತೆ ಮಾಡುವುದು ಅವರು ತಂದ ಪದ್ಧತಿಗಳು. ಮಡಿಯ ಅಡುಗೆಮನೆಯಲ್ಲಿ ಬೆಳೆದವರೊಬ್ಬರು ಆ ಶಿಸ್ತಿನ ಇನ್ನೊಂದು ರೂಪವನ್ನು ಪರದೇಶದಲ್ಲಿ ಗುರುತಿಸಿ ಮನೆಗೆ ತಂದರೆಂದೇ ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. 1960ರಲ್ಲಿ ಹೋಟೆಲು ಈಗಿನ ಕಟ್ಟಡಕ್ಕೆ ಬಂದು ಈಗಿನ ಹೆಸರನ್ನು ಪಡೆಯಿತು.

ಮೊದಲು ತರಿಸಿಕೊಳ್ಳಬೇಕಾದದ್ದು ರವೆ ಇಡ್ಲಿಯನ್ನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಇದು ಈ ಅಡುಗೆಮನೆಯಲ್ಲಿಯೇ ಹುಟ್ಟಿತೆಂದು ಹೋಟೆಲಿನವರು ಹೇಳುತ್ತಾರೆ. ಮೊಸರಿನ ಹುಳಿ ನಾಲಗೆಗೆ ತಿಳಿಯುವಷ್ಟೇ ಇರುತ್ತದೆ, ರವೆ ಮೆತ್ತಗಾದರೂ ಮುದ್ದೆಯಾಗಿರುವುದಿಲ್ಲ, ಗೋಡಂಬಿ ಮೇಲೆಯೇ ಕಾಣಿಸುತ್ತದೆ. ಜೊತೆಗೆ ಬರುವುದು ಸಾಂಬಾರಲ್ಲ, ಆಲೂಗಡ್ಡೆ ಸಾಗು, ಚಟ್ನಿ ಮತ್ತು ಪುಟ್ಟ ಬಟ್ಟಲಿನಲ್ಲಿ ತುಪ್ಪ. ಬೇರೆ ಊರಿನ ಹೋಟೆಲೊಂದರಲ್ಲಿ ಸೋಡಾ ಹೆಚ್ಚಾಗಿ ಬಾಯಿ ಕೆಟ್ಟ ರವೆ ಇಡ್ಲಿಯನ್ನು ತಿಂದ ಮೇಲೆ ಇಲ್ಲಿನ ಹದದ ಬೆಲೆ ನನಗೆ ಇನ್ನಷ್ಟು ತಿಳಿಯಿತು. ಮಸಾಲೆ ದೋಸೆ ದಪ್ಪನೆಯದು, ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೃದು. ತೆಳ್ಳಗಿನ ದೋಸೆಯನ್ನು ಬಯಸುವವರಿಗೆ ಇದು ಒಗ್ಗದಿರಬಹುದು. ನನಗಂತೂ ದೋಸೆಯೆಂದರೆ ಹೀಗೆಯೇ ಇರಬೇಕು. ಬಿಸಿಬೇಳೆಬಾತ್ ಚೆನ್ನಾಗಿದ್ದರೂ ರವೆ ಇಡ್ಲಿಯ ಮಟ್ಟದ್ದಲ್ಲ. ಕಾಫಿಯನ್ನು ಕೊನೆಗೆ ಉಳಿಸಿಕೊಳ್ಳಿ.

ತಿಂಡಿಯಷ್ಟೇ ಗೌರವ ಹುಟ್ಟಿಸುವ ಇನ್ನೊಂದು ಸಂಗತಿಯಿದೆ. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲು ತಿಂಡಿಗಳ ಬೆಲೆಯನ್ನು ಸರ್ಕಾರವೇ ಇಳಿಸಿದಾಗ, ಆಗ ಅದನ್ನು ನಡೆಸುತ್ತಿದ್ದ ಹರಿಶ್ಚಂದ್ರ ಮಯ್ಯರು ಗುಣಮಟ್ಟವನ್ನು ಇಳಿಸಲಿಲ್ಲ. ದಿನದ ನಷ್ಟವೆಷ್ಟೆಂದು ಫಲಕದ ಮೇಲೆ ಬರೆದು ಜನರಿಗೆ ತೋರಿಸಿದರು, ಕೊನೆಗೆ ಬಾಗಿಲು ಮುಚ್ಚಿದರು. ಕೆಲಸಗಾರರು ಬೀದಿಪಾಲಾಗಬಾರದೆಂದು ಪಕ್ಕದಲ್ಲೇ ಪುಡಿಗಳ, ಸಿದ್ಧ ಹಿಟ್ಟುಗಳ ವ್ಯಾಪಾರವನ್ನು ಹಿಡಿದರು. ಇಂದು ದೇಶದ ಅಂಗಡಿಗಳಲ್ಲೆಲ್ಲ ಸಿಗುವ ಎಂ.ಟಿ.ಆರ್. ಪೊಟ್ಟಣಗಳ ಮೂಲ ಅಲ್ಲಿದೆ. ಆ ಪೊಟ್ಟಣಗಳ ಉದ್ಯಮ 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಯ ಪಾಲಾಯಿತು. ಮುಂದೆ ಮತ್ತೆ ಬಾಗಿಲು ತೆರೆದ ಹೋಟೆಲು ಮಾತ್ರ ಮಯ್ಯ ಮನೆತನದ ಕೈಯಲ್ಲಿಯೇ ಉಳಿದು, ಸಿಂಗಾಪುರದಂತಹ ಊರುಗಳಿಗೂ ಹಬ್ಬಿದೆ. ಈ ಎರಡನ್ನೂ ಒಂದೇ ಎಂದು ತಿಳಿದು ಪೊಟ್ಟಣದ ರುಚಿಯಿಂದ ಹೋಟೆಲನ್ನು ಅಳೆಯುವವರು ಒಮ್ಮೆ ಲಾಲ್‌ಬಾಗ್ ರಸ್ತೆಗೆ ಬಂದು ಎಲೆಯ ಮುಂದೆ ಕುಳಿತು ನೋಡಬೇಕು.

ಭಾನುವಾರ ಬೆಳಗ್ಗೆ ಹೋಗುವವರು ಕಾಯುವುದಕ್ಕೆ ಸಿದ್ಧರಾಗಿ ಹೋಗಬೇಕು. ವಯಸ್ಸಾದ ತಂದೆತಾಯಿಯರನ್ನು ಕರೆದೊಯ್ಯುವುದಾದರೆ ವಾರದ ನಡುವೆ, ಲಾಲ್‌ಬಾಗಿನಲ್ಲಿ ನಡೆದು ಬರುವವರ ಗುಂಪು ಸೇರುವ ಮೊದಲೇ ಹೋಗುವುದು ಉತ್ತಮ.